ಕಂಪಾಸು ಹಿಡಿದ ಬೋರ

ಹೂಂ ಅನ್ನೋರಿದ್ರೆ ಕತೆ ಹೇಳ್ತೀನಿ. ಹೂಂ ಅನ್ನಾಕೆ ಬೇಜಾರಾದ್ರೆ ಈಗ್ಲೇ ಎದ್ದು ಹೋಗಿ, ನಡುವೆ ಎದ್ರೆ ನನಗೆ ಸಿಟ್ಟು ಬರ್ತದೆ. ಕುಂತ್ರಾ? ಹಂಗಾದ್ರೆ ಕೇಳಿ.

ಬಂಡೆಕೆರೆ ಅಂತ ಒಂದೂರು. ಊರ ಹಿಂದೆ ಒಂದು ಗುಡ್ಡ. ಗುಡ್ಡ ಅಂದ್ರೆ ಗಿಡ ಮರ ಅಂದ್ಕೋಬೇಡಿ, ಅಲ್ಲೊಂದು ಇಲ್ಲೊಂದು ಪೊದೆ ಬಿಟ್ರೆ ಬರೀ ಬಂಡೆ. ಬಂಡೆ ಮೇಲೆ ಬಂಡೆ, ಬಂಡೆ ಸಂದೀಲಿ ಬಂಡೆ, ಒಂದರಂಗೇ ಇನ್ನೊಂದು. ಸೌದೆಗೆ ಹೋದೋರು, ಕುರಿ ಹುಡುಕ್ಕೊಂಡು ಹೋದೋರು, ಸೀತಾಫಲ ಕೀಳಾಕೆ ಹೋದೋರು, ಒಬ್ಬರಲ್ಲ ಒಬ್ಬರು ಅಲ್ಲಿ ದಾರಿ ತಪ್ಪಿಸಿಕೊಂಡು ಅಳ್ತಾ ಕೂರೋರು.

ಆ ಊರಾಗೆ ದುರುಗಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ, ಒಬ್ಬನೇ ಮಗ. ಹೆಸರು ಬೋರಯ್ಯ. ಮೈ ಬೆಳೆದಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಕೆಟ್ಟೋನಲ್ಲ ಕಣ್ರಿ. ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ, ಅದೇ ತಕರಾರು.

"ಬೋರಾ, ಹಾಲು ಉಕ್ತದೆ, ನೋಡ್ತಾ ಇರು" ಅಂತ ಹೇಳಿ ಅವ್ವ ನೀರಿಗೆ ಹೋದ್ಲು. ಬರೋ ಹೊತ್ತಿಗೆ ಒಲೆ ಆರಿತ್ತು, ಹಾಲೆಲ್ಲ ಬೂದಿಪಾಲು.

"ನೋಡ್ತಾ ಇರು ಅಂದಿದ್ನಲ್ಲೋ."

"ನೋಡ್ದೆ ಅವ್ವಾ. ಚೆನ್ನಾಗಿ ಉಕ್ತು."

ಇಂಥ ಮಗನನ್ನ ಊರೋರು ಏನಂತ ಕರೀತಾರೆ? ಪೆದ್ದ ಅಂತ ಕರೀತಿದ್ರು. ದೊಡ್ಡೋರೂ ಪೆದ್ದ, ಚಿಕ್ಕೋರೂ ಪೆದ್ದ. "ಪೆದ್ದ, ಇತ್ತ ಬಾ." "ಪೆದ್ದ, ಆ ಮೂಟೆ ಹೊರು." ಬೋರನಿಗೆ ಬೇಜಾರಿರಲಿಲ್ಲ, ಕರೆದ ಕಡೆ ಹೋಗೋನು. ಬೇಜಾರು ದುರುಗಮ್ಮನಿಗೆ. ಹೆತ್ತ ಕರುಳು ನೋಡಿ. "ಮನೆದೇವರ ಹೆಸರು ಇಟ್ಟೋರು ಅವರಪ್ಪ. ನಾನಿರೋಗಂಟ ನಾನಾದ್ರೂ ಬೋರ ಅಂತ ಕರೀತೀನಿ. ನಾನು ಮಣ್ಣಿಗೆ ಹೋದ ಮ್ಯಾಲೆ ಆ ಹೆಸರು ಯಾರ ಬಾಯಾಗೆ ಇರ್ತದೆ?" ಅಂತ ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳೋಳು.

ಹಿಂಗಿರಬೇಕಾದ್ರೆ ಮಿಲಿಟರಿಯಿಂದ ರಿಟೈರಾಗಿ ಬಂದ ಗೂಳಪ್ಪ ಸುಬೇದಾರ್ರು ಊರಾಗೆ ಒಂದು ಪಡೆ ಕಟ್ಟಿದ್ರು. ಗುಡ್ಡದಾಗೆ ದಾರಿ ತಪ್ಪಿದೋರನ್ನ ಹುಡುಕಿ ತರೋ ಪಡೆ. ಸಂಬಳ ಇಲ್ಲ, ಸಾರಾಯಿ ಇಲ್ಲ, ಬರೀ ಸೇವೆ. ಸೇರಿದೋರಿಗೆ ಒಂದು ಹಳದಿ ಕೋಟು, ಒಂದು ಸೀಟಿ. ದಿನಾ ಬೆಳಿಗ್ಗೆ ಸ್ಕೂಲಿನ ಬಯಲಾಗೆ ನಿಲ್ಲಿಸಿ, ನಕ್ಷೆ ನೋಡೋದು ಹೆಂಗೆ, ಕಂಪಾಸು ಹಿಡಿಯೋದು ಹೆಂಗೆ ಅಂತ ಕಲಿಸೋರು. ಅದಕ್ಕೂ ಮುಂಚೆ ಹಾಜರಿ. "ತಿಪ್ಪೇಸ್ವಾಮಿ!" "ಹಾಜರ್ ಸಾರ್!" "ಹನುಮಂತರಾಯಪ್ಪ!" "ಹಾಜರ್ ಸಾರ್!"

ದುರುಗಮ್ಮ ನೀರು ಹೊತ್ಕೊಂಡು ಹೋಗ್ತಾ ಅದನ್ನ ಕೇಳಿದ್ಲು. ಕೊಡ ಸೊಂಟದ ಮೇಲೇ ಇತ್ತು, ಕಾಲು ಅಲ್ಲೇ ನಿಂತ್ವು. ಆ ತಿಪ್ಪೇಸ್ವಾಮಿ ಅನ್ನೋನು ನಿನ್ನೆವರೆಗೂ ಊರಿಗೆಲ್ಲ ತಿಪ್ಪ. ಕೋಟು ಹಾಕಿದ್ದೇ ತಡ ತಿಪ್ಪೇಸ್ವಾಮಿ ಆಗಿಹೋದ.

ಕೊಡ ಇಳಿಸಿ ಸುಬೇದಾರ್ರ ಹತ್ರ ಹೋದ್ಲು. "ಅಣ್ಣಾ, ನನ್ನ ಮಗನನ್ನೂ ಸೇರಿಸ್ಕೊಳ್ಳಿ."

ಸುಬೇದಾರ್ರು ಮೀಸೆ ಮೇಲೆ ಕೈಯಿಟ್ರು. "ಯಾರು, ಪೆದ್ದನ್ನಾ?"

"ಬೋರಯ್ಯ ಅಂತ ಅವನ ಹೆಸರು."

"ನೋಡವ್ವ, ಗುಡ್ಡ ಹುಡುಗಾಟ ಅಲ್ಲ. ಕಲೀಲಿ. ಕಲಿತ್ರೆ ನಾನೇ ಕೋಟು ಹಾಕಿ, ಎಲ್ಲಾರ ಮುಂದೆ ಹೆಸರು ಹಿಡಿದು ಕರೀತೀನಿ. ಕಲೀದಿದ್ರೆ ಇಲ್ಲ."

ಅಷ್ಟು ಸಾಕಾಯ್ತು ಅವಳಿಗೆ. ಮಾರನೇ ದಿನ ಮಗನ ತಲೆಗೆ ಎಣ್ಣೆ ಹಚ್ಚಿ, ಹಣೆಗೆ ವಿಭೂತಿ ಹಚ್ಚಿ ಬಾಗಿಲಲ್ಲಿ ನಿಲ್ಲಿಸಿ ಬುದ್ಧಿ ಹೇಳಿದ್ಲು.

"ಸುಬೇದಾರ್ರು ಹೇಳಿದ್ದನ್ನ ಚಾಚೂ ತಪ್ಪದಂಗೆ ಮಾಡು. ಇನ್ನೊಂದು ಮಾತು. ಹೊತ್ತು ಮುಳುಗೋ ಹೊತ್ತಿಗೆ ಗುಡ್ಡದಾಗೆ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓಗೊಡಬ್ಯಾಡ. ಗಾಳಿ ಕರೀತದೆ. ಓ ಅಂದೋರನ್ನ ಎಳ್ಕೊಂಡು ಹೋಗ್ತದೆ."

ಇದು ಆ ಊರಾಗೆ ಹಾಲು ಕುಡಿಯೋ ಮಕ್ಕಳಿಗೂ ಗೊತ್ತಿರೋ ಮಾತು. ಗುಡ್ಡದ ಗಾಳಿಗೆ ಊರೋರ ಹೆಸರೆಲ್ಲ ಬಾಯಿಪಾಠ ಅಂತೆ.

"ಆಯ್ತವ್ವಾ" ಅಂದ ಬೋರ. ಒಂದು ಹೆಜ್ಜೆ ಹೋಗಿ ತಿರುಗಿ ಕೇಳಿದ, "ನನ್ನ ಹೆಸರು ಹಿಡಿದು ಯಾರು ಕರೀತಾರವ್ವಾ?"

ದುರುಗಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದ್ಲು.

ಬಯಲಾಗೆ ಸುಬೇದಾರ್ರು ನೆಲದ ಮೇಲೆ ನಕ್ಷೆ ಹಾಸಿದ್ರು. "ಇದು ಸ್ಕೂಲು, ಇದು ಗುಡ್ಡದ ಬುಡದ ಒಂಟಿ ಬೇವು. ಕಂಪಾಸು ಎದೆಗೆ ಸರಿಯಾಗಿ ಎರಡೂ ಕೈಲಿ ಹಿಡ್ಕೋ. ಮುಳ್ಳು ಉತ್ತರಕ್ಕಿರ್ಲಿ. ಈ ಬಾಣ ಎತ್ತ ತೋರಿಸ್ತದೋ ಅತ್ತ ನೇರ ನಡಿ. ಎಡಕ್ಕೂ ವಾಲಬ್ಯಾಡ, ಬಲಕ್ಕೂ ವಾಲಬ್ಯಾಡ. ಬೇವಿನ ಮರ ಮುಟ್ಟಿ ಬಾ."

ಬೋರ ಹೊರಟ. ಬಾಣ ನೇರ, ಬೋರ ನೇರ. ಬಾಣದ ದಾರೀಲಿ ಕರಿಬಸಮ್ಮನ ಮನೆ ಇತ್ತು. ಕರಿಬಸಮ್ಮ ಯಾರು ಅಂದ್ರಾ? ದುರುಗಮ್ಮನ ನೆರೆಮನೆಯೋಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಒಲೆ ಮುಂದೆ ಕೂತು ರೊಟ್ಟಿ ತಟ್ತಾ ಇದ್ಲು. ಬೋರ ಮುಂಬಾಗಿಲಿಂದ ಬಂದ, ಪಡಸಾಲೆ ದಾಟಿದ, ಅಡಿಗೆಮನೆಗೆ ಬಂದ, ರೊಟ್ಟಿ ಹಿಟ್ಟಿನ ಪರಾತದಾಗೆ ಒಂದು ಕಾಲಿಟ್ಟ, ಒಲೆ ದಾಟಿದ, ಹಿತ್ತಲ ಬಾಗಿಲು ತೆಗೆದ, ತಿಪ್ಪೆ ಹತ್ತಿ ಇಳಿದ. ಕಣ್ಣು ಮಾತ್ರ ಕಂಪಾಸಿನ ಮೇಲೇ.

"ಏಯ್ ಪೆದ್ದ, ಕಣ್ಣು ಕಾಣಲ್ವೇನೋ, ಅಡ್ಡ ಬರ್ತೀಯಲ್ಲೋ!"

"ಅಡ್ಡ ಬಂದಿರೋದು ನೀನು ಅತ್ತೆ. ನಾನು ನೇರ ಅದೀನಿ."

ಕರಿಬಸಮ್ಮ ಹಿಟ್ಟಿನ ಕೈಯಲ್ಲೇ ಬಯಲಿಗೆ ಬಂದು ಸುಬೇದಾರ್ರಿಗೆ ಮಂಗಳಾರತಿ ಎತ್ತಿದ್ಲು. ಚೀನಾ ಗಡಿಯಾಗೆ ನಿಂತ ಮನುಷ್ಯ, ಕರಿಬಸಮ್ಮನ ಮುಂದೆ ನಿಲ್ಲಲಾರದೆ ಹೋದ. ಅವಳು ಹೋದ ಮೇಲೆ ಬೋರನ ಕಡೆ ತಿರುಗಿದ್ರು.

"ಲೇ, ಮನೆ ಬಂದ್ರೆ, ಬಂಡೆ ಬಂದ್ರೆ, ಅಡ್ಡ ಏನು ಬಂದ್ರೂ ಸುತ್ತಬೇಕು ಕಣೋ."

"ಸುತ್ತಬೇಕು. ಹೇಳಿದ್ರೆ ಸುತ್ತುತಿದ್ನಲ್ಲ ಸಾರ್."

ಮಾರನೇ ದಿನ ಪಾಠ ಗುಡ್ಡದ ಮೇಲೆ. ಒಬ್ಬೊಬ್ಬರನ್ನೂ ಒಂದೊಂದು ಕಡೆ ಬಿಟ್ರು. ಬೋರ ಕಂಪಾಸು ಎದೆಗೆ ಹಿಡಿದು ನಡೆದ. ಎದುರಿಗೆ ಒಂದು ಬಂಡೆ ಬಂತು, ಆಳೆತ್ತರ, ಗುಂಡಗೆ. ಅಡ್ಡ ಬಂತಲ್ಲ, ಸುತ್ತಿದ. ಒಂದು ಸುತ್ತು ಆಯ್ತು. ಸಾಕು ಅಂತ ಯಾರೂ ಹೇಳಲಿಲ್ಲ, ಇನ್ನೊಂದು ಸುತ್ತಿದ. ಮತ್ತೊಂದು. ಮಗದೊಂದು. ಎರಡೂ ಕೈ ಎದೆ ಮೇಲೆ, ತಲೆ ಬಗ್ಗಿ, ಹಣೆ ತುಂಬ ವಿಭೂತಿ.

ಸೌದೆ ಹೆಂಗಸರು ಕಂಡ್ರು. ಹೊರೆ ಇಳಿಸಿದ್ರು. "ಅವನ ಮೈಮ್ಯಾಲೆ ಅಮ್ಮ ಬಂದವ್ಳೆ ಕಣವ್ವ" ಅಂದ್ಲು ಒಬ್ಬಳು. ಇನ್ನೊಬ್ಬಳು ಬಂಡೆಗೆ ಕೈ ಮುಗಿದು ಬೋರನ ಹಿಂದೆ ಸುತ್ತಾಕೆ ನಿಂತ್ಲು. ಯಾರೋ ಊರಿಗೆ ಓಡಿ ಅರಿಶಿನ ಕುಂಕುಮ ತಂದ್ರು, ಇನ್ಯಾರೋ ಕಾಯಿ ತಂದ್ರು. ಹೊತ್ತು ನೆತ್ತಿಗೆ ಬರೋದ್ರೊಳಗೆ ಬಂಡೆ ಕೆಂಪಗೆ ಹಳದಿಗೆ ಮದುವಣಗಿತ್ತಿ ಆಗಿತ್ತು. ಸುತ್ತಮ್ಮ ಅಂತ ಹೆಸರೂ ಆಗಿಹೋಯ್ತು.

ಸುಬೇದಾರ್ರು ಹುಡುಕ್ಕೊಂಡು ಬಂದಾಗ ಬೋರ ಹೆಂಗಸರ ಸಾಲಿನ ಮುಂದೆ ಇನ್ನೂ ಸುತ್ತುತಾ ಇದ್ದ.

"ಏನೋ ಮಾಡ್ತಾ ಇದೀಯ?"

"ಸುತ್ತುತಾ ಇದೀನಿ ಸಾರ್. ನಿಲ್ಲಿಸಿದ್ರೆ ನಿಲ್ತೀನಿ."

ಕಿವಿ ಹಿಡಿದು ಆಚೆ ಎಳ್ಕೊಂಡು ಬಂದ್ರು. ಹೆಂಗಸರಿಗೆ ಕೇಳಿಸದಂಗೆ ಬೈದ್ರು, ದೇವರ ವಿಷಯ ನೋಡಿ. "ಸುತ್ತಿದ ಮ್ಯಾಲೆ ದೂರದಾಗೆ ಒಂದು ಗುರುತು ನೋಡ್ಕೋಬೇಕು ಕಣೋ. ಎದ್ದು ಕಾಣೋ ಗುರುತು. ಅದರ ಮ್ಯಾಲಿಂದ ಕಣ್ಣು ಕೀಳದಂಗೆ ಅದರ ಕಡೆಗೇ ನಡೀಬೇಕು."

ಇದು ಸುಲಭ ಅನ್ನಿಸ್ತು ಬೋರನಿಗೆ. ಮಾರನೇ ದಿನ ಗುಡ್ಡದಾಗೆ ನಿಂತು ನೋಡಿದ. ಕಂದು ಬಂಡೆಗಳ ನಡುವೆ ಬೆಳ್ಳಗೆ, ಎದ್ದು ಕಾಣ್ತಾ ಒಂದು ಗುರುತು ಇತ್ತು. ಕುರಿ ಕಾಯೋ ಈರಗೊಂಡನ ಬಿಳೀ ಹೋತ.

ಹೋತ ನಡೀತು, ಬೋರ ನಡೆದ. ಹೋತ ಬಂಡೆ ಹತ್ತಿತು, ಬೋರ ಬಂಡೆ ಹತ್ತಿದ. ಹೋತ ಜಾಲಿಮುಳ್ಳಿನ ಪೊದೆಗೆ ನುಗ್ಗಿತು, ಬೋರನೂ ನುಗ್ಗಿದ. ಹೋತ ಕರಿಬಸಮ್ಮನ ಅವರೆ ಹೊಲಕ್ಕೆ ಇಳಿದು ಮೇಯ್ತು, ಬೋರ ಬದುವಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡ್ದ. ಪಾಪ ಕರಿಬಸಮ್ಮ, ಎಲ್ಲಾ ಅವಳಿಗೇ. ಸಂಜೆ ಮಗ ಮನೆಗೆ ಬರಲಿಲ್ಲ ಅಂತ ದುರುಗಮ್ಮ ಬೀದಿ ಬೀದಿ ತಿರುಗಿ ಕೊನೆಗೆ ಈರಗೊಂಡನ ಕುರಿಹಟ್ಟಿಗೆ ಬಂದ್ರೆ, ಮಂದೆಯ ನಡುವೆ ಇವನು, ಎದುರಿಗೆ ಹೋತ, ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾ ಕುಂತವ್ರೆ.

"ಮುಟ್ಟಿದೀನಿ ಅವ್ವಾ ಗುರುತನ್ನ" ಅಂದ, ಮುಖ ಅರಳಿಸಿಕೊಂಡು. "ಕಣ್ಣೇ ಕೀಳಲಿಲ್ಲ."

ದುರುಗಮ್ಮ ಅವನ ತಲೆಯಿಂದ ಹಿಕ್ಕೆ ಕೊಡವಿದ್ಲು. ನಗಬೇಕೋ ಅಳಬೇಕೋ ತಿಳೀಲಿಲ್ಲ ಅವಳಿಗೆ.

ಸುಬೇದಾರ್ರು ಬೆಳಿಗ್ಗೆ ಹಣೆ ಚಚ್ಕೊಂಡ್ರು. "ಓಡಾಡೋದು ಗುರುತಲ್ಲ ಕಣೋ. ಇದ್ದಲ್ಲೇ ಇರಬೇಕು. ಮಳೆ ಬಂದ್ರೂ ಬಿಸಿಲು ಬಂದ್ರೂ ಜಾಗ ಬಿಟ್ಟು ಕದಲಬಾರದು. ಅಂಥದ್ದು ಒಂದನ್ನ ಹಿಡಿ, ನೋಡಾನ."

ಮಳೆ ಬಂದ್ರೂ ಬಿಸಿಲು ಬಂದ್ರೂ ಕದಲದೆ ಇರೋದು ಬಂಡೆಕೆರೆಯಾಗೆ ಯಾವುದು? ಬೋರ ತಲೆ ಕೆರೆದು ಯೋಚನೆ ಮಾಡಿದ. ಹೊಳೀತು. ಊರ ಮುಂದಿನ ಕಟ್ಟೆ ಮೇಲಿನ ಕಾಟಜ್ಜ. ಬೆಳಿಗ್ಗೆ ಸೊಸೆ ಬೈದು ಕಳಿಸಿದ್ರೆ ಬಂದು ಕೂರೋದು, ಸಂಜೆ ಸೊಸೆ ಬೈದು ಕರೆದ್ರೆ ಎದ್ದು ಹೋಗೋದು.

"ಅಜ್ಜಾ, ಇವತ್ತಿಂದ ನೀನು ಗುರುತು. ಗುಡ್ಡದಾಗಿರೋರೆಲ್ಲ ನಿನ್ನ ನೋಡ್ಕೊಂಡೇ ದಾರಿ ಹಿಡೀತಾರೆ. ಕದಲಬಾರದು."

ಕಾಟಜ್ಜನಿಗೆ ಎದೆ ಉಬ್ಬಿತು. ಈ ವಯಸ್ಸಿನಾಗೆ ಯಾರಿಗೋ ಬೇಕಾದೆನಲ್ಲ ಅಂತ ಬೆನ್ನು ನೆಟ್ಟಗೆ ಮಾಡಿ, ಕೋಲು ನಿಲ್ಲಿಸಿ ಹಿಡಿದು ಕೂತ. ಬೋರ ಹತ್ತು ಮಾರು ದೂರ ಹೋಗಿ ತಿರುಗಿ ನೋಡೋನು, ಕೈ ಬೀಸೋನು, ಅಜ್ಜ ಕೈ ಬೀಸೋನು. ಎಲ್ಲಾ ಸರಿಯಾಗೇ ಇತ್ತು, ಅಜ್ಜನಿಗೆ ಒಂದಕ್ಕೆ ಬರೋಗಂಟ.

ಎದ್ದ. ಬೋರ ಓಡಿ ಬಂದು ಎರಡೂ ಭುಜ ಒತ್ತಿ ಕೂರಿಸಿದ. "ಅಜ್ಜಾ, ನೀನು ಎದ್ರೆ ಜನ ದಾರಿ ತಪ್ತಾರೆ."

"ಲೇ ಬಿಡೋ, ಅವಸರ ಐತೆ."

"ಮಳೆ ಬಂದ್ರೂ ಕದಲಬಾರದು ಅಜ್ಜ."

"ಮಳೆ ಬರಾಕೇ ಎದ್ದಿದ್ದು ಕಣೋ!"

ಆಮೇಲೆ ಏನಾಯ್ತು ಅಂತ ನಾನು ಹೇಳಲ್ಲ. ಹೆಂಗಸರು ಮಕ್ಕಳು ಕುಂತವ್ರೆ. ಕಾಟಜ್ಜನ ಸೊಸೆ ಪಂಚೆ ಒಗೆದು ಹಾಕಿ ಸೀದಾ ಸುಬೇದಾರ್ರ ಮನೆಗೆ ಬಂದ್ಲು ಅಂತ ಮಾತ್ರ ಹೇಳ್ತೀನಿ.

ಸುಬೇದಾರ್ರು ಬೋರನ ಕೈಯಿಂದ ಕಂಪಾಸು ಇಸ್ಕೊಂಡ್ರು, ನಕ್ಷೆ ಇಸ್ಕೊಂಡ್ರು. "ಇದು ನಿನ್ನ ಕೈಲಾಗಲ್ಲ. ನಿಮ್ಮವ್ವನ ಮುಖ ನೋಡಿ ಕಡೇದೊಂದು ಕೇಳ್ತೀನಿ. ಕೂಗಾಕಾದ್ರೂ ಬರ್ತದಾ?"

"ಬರ್ತದೆ ಸಾರ್."

"ನಾಳೆ ತಿಪ್ಪೇಸ್ವಾಮಿ ಗುಡ್ಡದಾಗೆ ಅವಿತ್ಕೋತಾನೆ. ಅವನು ಕಳೆದುಹೋದೋನು ಅಂತ ಲೆಕ್ಕ. ನೀನು ಕಳೆದುಹೋದೋರನ್ನ ಕೂಗಬೇಕು. ಕೂಗಿ, ನಿಂತು, ಕಿವಿಗೊಟ್ಟು ಕೇಳಬೇಕು. ಕೂಗಬೇಕು, ನಿಲ್ಲಬೇಕು, ಕೇಳಬೇಕು. ತಿಳೀತಾ?"

ಬೋರ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಕೂಗಬೇಕು, ನಿಲ್ಲಬೇಕು, ಕೇಳಬೇಕು. ಮಾರನೇ ದಿನ ಗುಡ್ಡದಾಗೆ ನಿಂತು ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದ. "ಕಳೆದುಹೋದೋರೇ... ಓ ಕಳೆದುಹೋದೋರೇ..."

ನಿಂತ. ಕಿವಿಗೊಟ್ಟ. ಒಂದು ಬಂಡೆ ಹಿಂದೆ ಯಾರೋ ಕಿಸಕ್ಕಂತ ನಕ್ಕಂಗಾಯ್ತು. ಹೋಗಿ ಬಗ್ಗಿ ನೋಡಿದ. ತಿಪ್ಪೇಸ್ವಾಮಿ ಹೊಟ್ಟೆ ಹಿಡ್ಕೊಂಡು ಕುಂತಿದ್ದ.

"ತಿಪ್ಪಣ್ಣ, ನೀನು ಕಳೆದುಹೋಗಿದೀಯಾ?"

"ಇಲ್ಲೇ ಅದೀನಲ್ಲೋ ಪೆದ್ದ, ನಾನೆಲ್ಲಿ ಕಳೆದುಹೋಗಿದೀನಿ?" ಅಂದ ತಿಪ್ಪೇಸ್ವಾಮಿ, ಚೇಷ್ಟೆಗೆ.

"ಹಂಗಾದ್ರೆ ಸರಿ. ಕಳೆದುಹೋದೋರು ಯಾರಾದ್ರೂ ಕಂಡ್ರೆ ಹೇಳು" ಅಂತ ಹೇಳಿ ಬೋರ ಮುಂದಕ್ಕೆ ಹೋದ. "ಕಳೆದುಹೋದೋರೇ..."

ಪಡೆಯೋರೆಲ್ಲ ಬಿದ್ದು ಬಿದ್ದು ನಕ್ರು. ಸುಬೇದಾರ್ರು ನಗಲಿಲ್ಲ. "ಕೇಳೋ ಇಲ್ಲಿ. ಕಳೆದುಹೋದೋರಿಗೆ ದಿಗಿಲಾಗಿರ್ತದೆ. ಮನೆಯಾಗೆ ದಿನಾ ಹೆಂಗೆ ಕರೀತಾರೋ ಹಂಗೆ ಕರೀಬೇಕು. ಆವಾಗ ಅವರಿಗೆ ಧೈರ್ಯ ಬರ್ತದೆ. ಇದೇ ನಾನು ನಿನಗೆ ಹೇಳ್ಕೊಡೋ ಕಡೇ ಪಾಠ. ನಾಳೆಯಿಂದ ಬರಬ್ಯಾಡ. ಮನೆಯಾಗಿರು."

ಬೋರ ಬಂದು ಅವ್ವನಿಗೆ ಹಂಗೇ ಹೇಳಿದ. "ನಾಳೆಯಿಂದ ಮನೆಯಾಗಿರಬೇಕಂತೆ ಅವ್ವಾ."

ದುರುಗಮ್ಮನಿಗೆ ತುತ್ತು ಇಳೀಲಿಲ್ಲ. ಮಗ ಚೆನ್ನಾಗೇ ಉಂಡ, ಚೆನ್ನಾಗೇ ಮಲಗಿದ. ಅವಳು ಬೆಳಗಾಗೋಗಂಟ ಹೊರಳಾಡಿದ್ಲು. ಕೋಟು ಹೋಯ್ತು, ಸೀಟಿ ಹೋಯ್ತು, ಹೋಗ್ಲಿ. ಎಲ್ಲಾರ ಮುಂದೆ ಒಂದೇ ಒಂದು ಸಲ ನನ್ನ ಮಗನ ಹೆಸರು ಕರೆದಿದ್ರೆ ಯಾರ ಗಂಟು ಹೋಗ್ತಿತ್ತು?

ಮಾರನೇ ದಿನ ನೀರಿನ ಹತ್ರ ಹೆಂಗಸರು ಮಾತಾಡ್ಕೊಳ್ತಾ ಇದ್ರು. ಗುಡ್ಡದ ಮೇಲೆ ಸುತ್ತಮ್ಮ ಅಂತ ಹೊಸದಾಗಿ ಎದ್ದವ್ಳಂತೆ, ಹರಕೆ ಹೊತ್ತು ಸುತ್ತಿದ್ರೆ ಕೇಳಿದ್ದು ಕೊಡ್ತಾಳಂತೆ, ಮೊದಲು ಸುತ್ತಿದೋನು ಜಡೆ ಬಿಟ್ಟ ಒಬ್ಬ ಸನ್ಯಾಸಿಯಂತೆ. ಆ ಸನ್ಯಾಸಿ ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ದುರುಗಮ್ಮನಿಗೆ ಗೊತ್ತಿರಲಿಲ್ಲ. ಹೇಳಬೇಕಾದೋರು ಹೇಳಲಿಲ್ಲ, ಭಕ್ತಿಗೆ ಅಡ್ಡ ಬರಬಾರದಲ್ಲ.

ಮನೆಕೆಲಸ ಮುಗಿಸಿ, ಮುದ್ದೆ ಮಾಡಿ ಮುಚ್ಚಿಟ್ಟು, ಬಿಸಿಲು ಇಳಿದ ಮೇಲೆ ಒಬ್ಬಳೇ ಗುಡ್ಡ ಹತ್ತಿದ್ಲು. ಬಂಡೆಗೆ ಅರಿಶಿನ ಹಚ್ಚಿದ್ಲು, ಕಣ್ಣು ಮುಚ್ಚಿದ್ಲು. "ಅಮ್ಮಾ ತಾಯಿ, ನನ್ನ ಮಗನ ಹೆಸರು ಹತ್ತು ಜನರ ಬಾಯಾಗೆ ಬರ್ಲಿ. ನನ್ನ ಕಿವಿ ತುಂಬ ಕೇಳಂಗೆ ಬರ್ಲಿ" ಅಂತ ಬೇಡ್ತಾ ಸುತ್ತಿದ್ಲು. ಕಣ್ಣು ಬಿಡದೆ ಸುತ್ತಿದ್ಲು, ಭಕ್ತಿ ಉಕ್ಕಿ ಸುತ್ತಿದ್ಲು, ಉಟ್ಟ ಸೀರೆ ಬಂಡೆಗೆ ಉಜ್ಜಿ ಹಳದಿ ಆಗೋಗಂಟ ಸುತ್ತಿದ್ಲು. ಕಣ್ಣು ಬಿಟ್ರೆ ಲೋಕವೇ ತಿರುಗ್ತಾ ಐತೆ. ಊರು ಯಾವ ಕಡೆ, ಬಂದ ದಾರಿ ಯಾವ ಕಡೆ? ಎಲ್ಲಾ ಕಡೆ ಬಂಡೆ, ಒಂದರಂಗೇ ಇನ್ನೊಂದು. ಕಾಲು ಎಳೆದ ಕಡೆ ಹೋದ್ಲು. ಹೋದಷ್ಟೂ ಬಂಡೆ. ಹೊತ್ತು ಇಳೀತಾ ಬಂತು. ಎರಡು ಬಂಡೆ ನಡುವೆ ಕಾಲು ಮುದುಡಿ ಕೂತುಬಿಟ್ಲು.

ಗುಡ್ಡಕ್ಕೆ ಹೋದೋಳು ಇಳೀಲಿಲ್ಲ ಅಂತ ಈರಗೊಂಡ ಬಂದು ಸುದ್ದಿ ಕೊಟ್ಟ. ಪಡೆ ಹೊರಟಿತು. ಹಳದಿ ಕೋಟುಗಳು ಗುಡ್ಡದ ತುಂಬ ಚೆಲ್ಲಿಕೊಂಡ್ವು. "ದುರುಗಮ್ಮಾ... ಓ ದುರುಗಮ್ಮಾ..."

ದುರುಗಮ್ಮನಿಗೆ ಕೇಳಿಸ್ತು. ಓ ಅನ್ನಾಕೆ ಬಾಯಿ ತೆಗೆದ್ಲು. ತೆಗೆದ ಬಾಯಿಗೆ ಸೆರಗು ತುರುಕಿಕೊಂಡ್ಲು. ಹೊತ್ತು ಮುಳುಗೋ ಹೊತ್ತು, ಗುಡ್ಡ, ಹೆಸರು ಹಿಡಿದು ಕರೀತಾ ಐತೆ. ಅಯ್ಯೋ, ಇದೇ ಗಾಳಿ! ಒಂದು ಕಡೆಯಿಂದ ದುರುಗಮ್ಮಾ, ಇನ್ನೊಂದು ಕಡೆಯಿಂದ ದುರುಗಮ್ಮಾ, ಬಂಡೆಗೆ ಬಡಿದು ಮತ್ತೊಂದು ದುರುಗಮ್ಮಾ. ಅವರು ಕರೆದಷ್ಟೂ ಇವಳು ಮುದುಡಿದ್ಲು. ಸುಬೇದಾರ್ರು ಅವಳ ಬಂಡೆ ಪಕ್ಕದಾಗೇ ಹಾದು ಹೋದ್ರು. ಇವಳು ಉಸಿರು ಹಿಡಿದು ಕುಂತ್ಲು.

ಬೋರ ಎಲ್ಲಿ ಅಂದ್ರಾ? ಮನೆಯಾಗೆ. ಮನೆಯಾಗಿರು ಅಂದಿದ್ರಲ್ಲ, ಅವ್ವ ಇಲ್ಲದ ಮನೆಯಾಗೆ ಬಾಗಿಲು ನೋಡ್ತಾ ಕುಂತಿದ್ದ. ಕರಿಬಸಮ್ಮ ಧಾವಿಸಿ ಬಂದ್ಲು.

"ಲೇ ಪೆದ್ದ, ನಿಮ್ಮವ್ವ ಗುಡ್ಡದಾಗೆ ಕಳೆದುಹೋಗವ್ಳೆ. ಇಲ್ಲಿ ಕುಂತಿದೀಯಲ್ಲೋ."

"ಮನೆಯಾಗಿರು ಅಂದವ್ರೆ ಅತ್ತೆ."

"ನಾನು ಹೇಳ್ತೀನಿ, ಏಳು. ಗುಡ್ಡಕ್ಕೆ ಹೋಗು. ನೆಟ್ಟಗೆ ಹೋಗು, ನನ್ನ ಮನೆ ಮ್ಯಾಲೇ ಹೋಗು, ಒಲೆ ಮ್ಯಾಲೇ ಕಾಲಿಟ್ಟು ಹೋಗು, ನಾನೇನೂ ಅನ್ನಲ್ಲ."

ಬೋರ ಎದ್ದು ಓಡಿದ. ಅವಳು ಹೇಳಿದಂಗೆ ಅವಳ ಮನೆ ಮೇಲೇ ಓಡಿದ. ಒಲೆ ಮೇಲೆ ಕಾಲಿಟ್ಟೇ ಓಡಿದ, ಹೇಳಿದ್ಲಲ್ಲ. ಅಂಗಾಲು ಸುಟ್ಟಿದ್ದು ಗುಡ್ಡದ ಮೇಲೆ ಗೊತ್ತಾಯ್ತು.

ಸುಬೇದಾರ್ರ ಗಂಟಲು ಕಟ್ಟಿಹೋಗಿತ್ತು. "ಎಷ್ಟು ಕರೆದ್ರೂ ಓ ಅಂತಿಲ್ಲ ಕಣೋ ನಿಮ್ಮವ್ವ." ಅವರ ಮುಖ ನೋಡಿದ್ರೆ ಮನಸ್ಸಿನಾಗೆ ಏನಿತ್ತು ಅಂತ ಯಾರಿಗಾದ್ರೂ ತಿಳೀತಿತ್ತು. ಬೋರನಿಗೆ ತಿಳೀಲಿಲ್ಲ. ಅವನ ತಲೆಯಾಗೆ ಇದ್ದಿದ್ದು ಒಂದೇ. ಕಡೇ ಪಾಠ. ಮನೆಯಾಗೆ ದಿನಾ ಹೆಂಗೆ ಕರೀತಾರೋ ಹಂಗೆ ಕರೀಬೇಕು.

ದಿನಾ ಸಂಜೆ ಹೊಸಿಲಲ್ಲಿ ನಿಂತು ಹೆಂಗೆ ಕರೀತಿದ್ನೋ, ಗುಡ್ಡದಾಗೆ ನಿಂತು ಹಂಗೇ ಕರೆದ.

"ಅವ್ವಾ... ಹೊಟ್ಟೆ ಹಸೀತೈತೆ. ಉಣ್ಣಾಕೆ ಏನೈತೆ?"

ಕರೆದ. ನಿಂತ. ಕಿವಿಗೊಟ್ಟ.

ದುರುಗಮ್ಮನ ಬಾಯಾಗೆ ಸೆರಗಿತ್ತು, ಎದೆಯಾಗೆ ದಿಗಿಲಿತ್ತು. ಆದ್ರೂ ಈ ಮಾತಿಗೆ ಅವಳ ನಾಲಿಗೆ ಎಷ್ಟು ವರ್ಷದಿಂದ ಪಳಗಿತ್ತು! ಅವಳು ಬೇಡ ಅನ್ನೋದ್ರೊಳಗೆ ಅದು ಆಡಿಬಿಟ್ಟಿತ್ತು.

"ಮುದ್ದೆ ಮಾಡಿ ಮುಚ್ಚಿಟ್ಟಿದೀನಲ್ಲೋ, ಕಣ್ಣು ಕಾಣಲ್ವಾ ಮುಠ್ಠಾಳ!"

ಗುಡ್ಡಕ್ಕೆ ಗುಡ್ಡವೇ ಮುಠ್ಠಾಳ ಮುಠ್ಠಾಳ ಅಂತು. ಬೋರ ಆ ದನಿ ಹಿಡಿದು ನೇರ ನುಗ್ಗಿದ. ಬಂಡೆ ಸಂದಿಯಾಗೆ ಅವ್ವ. ಬಿಗಿಯಾಗಿ ತಬ್ಬಿಕೊಂಡ. ದುರುಗಮ್ಮ ಮಗನ ಬೆನ್ನಿಗೆ ಗುದ್ದಿದ್ಲು, ತಲೆ ಸವರಿದ್ಲು, ಮತ್ತೆ ಗುದ್ದಿದ್ಲು. ಇಬ್ಬರೂ ಅತ್ರು, ಇಬ್ಬರೂ ನಕ್ರು. ಪಡೆಯೋರೆಲ್ಲ ಬಂದು ಸುತ್ತ ನಿಂತ್ರು. ತಿಪ್ಪೇಸ್ವಾಮಿ ಮೂಗೊರೆಸಿಕೊಂಡ.

"ಅಲ್ಲವ್ವ, ಅಷ್ಟು ಕರೆದ್ವಲ್ಲ, ಯಾಕೆ ಓಗೊಡಲಿಲ್ಲ?" ಅಂದ್ರು ಸುಬೇದಾರ್ರು.

"ಹೆಸರು ಹಿಡಿದು ಕರೆದ್ರೆ ಗಾಳಿ ಅಂದ್ಕೊಂಡೆ ಅಣ್ಣ. ಗಾಳಿ ಎಲ್ಲಾದ್ರೂ ಮುದ್ದೆ ಕೇಳ್ತದಾ?"

ಸುಬೇದಾರ್ರು ಅಲ್ಲೇ, ಆ ಗುಡ್ಡದ ಮೇಲೇ, ತಮ್ಮ ಮೈಮೇಲಿನ ಹಳದಿ ಕೋಟು ಬಿಚ್ಚಿದ್ರು. ಪಡೆಯನ್ನ ಸಾಲಾಗಿ ನಿಲ್ಲಿಸಿದ್ರು. ಬೋರನನ್ನ ಸಾಲಿನ ಕೊನೆಗೆ ನಿಲ್ಲಿಸಿದ್ರು. ಸುಬೇದಾರ್ರು ಎದೆ ಸೆಟೆಸಿ, ಮಿಲಿಟರಿ ಗಂಟಲಿನಾಗೆ ಕರೆದ್ರು.

"ಬೋರಯ್ಯ!"

ಬೋರ ತುಟಿ ಬಿಗಿದ್ಕೊಂಡ.

"ಬೋರಯ್ಯ!"

ಬೋರ ಎರಡೂ ಕೈಲಿ ಬಾಯಿ ಮುಚ್ಕೊಂಡ.

"ಓಗೊಡೋ" ಅಂದ್ಲು ದುರುಗಮ್ಮ, ಉಸಿರು ಹೋದಂಗಾಗ್ತಾ. "ಹಾಜರ್ ಅನ್ನೋ."

ಬೋರ ಓಡಿ ಬಂದು ಅವ್ವನ ಕಿವಿಯಾಗೆ ಪಿಸುಗುಟ್ಟಿದ. "ಹೊತ್ತು ಮುಳುಗ್ತಾ ಐತೆ ಅವ್ವಾ. ಗುಡ್ಡ ಇದು. ಹೆಸರು ಹಿಡಿದು ಕರೀತಾ ಐತೆ. ನೀನೂ ಸುಮ್ಕಿರು."

ಅಯ್ಯೋ ಶಿವನೇ! ದುರುಗಮ್ಮ ಹಣೆ ಚಚ್ಕೊಂಡ್ಲು. ಬೈದ್ರೆ ಆಗಲ್ಲ, ಬೇಡಿದ್ರೆ ಆಗಲ್ಲ, ಗಾಳಿ ಇಲ್ಲ ಅಂತ ಹೇಳಾಕೆ ಅವಳಿಗೇ ಧೈರ್ಯ ಇಲ್ಲ. ಮಗ ಯಾವ ಮಾತಿಗೆ ಓ ಅಂತಾನೆ ಅಂತ ಅವಳಿಗೆ ಗೊತ್ತಿತ್ತು. ಅದೇ ಕೂಗಿದ್ಲು.

"ಮಗಾ, ಮುದ್ದೆ ತಣ್ಣಗಾಗ್ತೈತೆ ಬಾರೋ!"

"ಬಂದೆ ಅವ್ವಾ!"

ಅಂದೋನೇ ಓಡಿದ. ಎತ್ತ? ಮುದ್ದೆ ಇದ್ದ ಕಡೆ. ಕೋಟು ಹಿಡಿದ ಸುಬೇದಾರ್ರನ್ನ ದಾಟಿ, ಈಗ ತಾನೆ ಸಿಕ್ಕಿದ ಅವ್ವನನ್ನ ಗುಡ್ಡದ ಮೇಲೇ ಬಿಟ್ಟು, ಬಂಡೆಗಳ ನಡುವೆ ನೇರ ಇಳಿದು ಕಣ್ಮರೆಯಾದ.

"ಈ ಮಬ್ಬಿನಾಗೆ ಇವನೆಲ್ಲಿ ಬಿದ್ದು ಸಾಯ್ತಾನೋ, ಹುಡುಕ್ರೋ!" ಅಂದ್ರು ಸುಬೇದಾರ್ರು. ದುರುಗಮ್ಮನನ್ನ ಈರಗೊಂಡನ ಜೊತೆ ಊರಿಗೆ ಕಳಿಸಿ ಪಡೆಯೋರೆಲ್ಲ ಚೆಲ್ಲಾಪಿಲ್ಲಿಯಾಗಿ ಇಳಿದ್ರು.

ದುರುಗಮ್ಮ ಬೀದಿಗೆ ಬಂದ್ರೆ ಕರಿಬಸಮ್ಮನ ಮನೆಯ ಎರಡೂ ಬಾಗಿಲು ಹಾರು ಹೊಡೆದಿದ್ವು. ಕರಿಬಸಮ್ಮ ಒಲೆ ಪಕ್ಕದಾಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ಲು. "ಈಗ ಹೋದ ನೋಡು ನಿನ್ನ ಮಗ" ಅಂದ್ಲು. "ನೇರ."

ಮನೆಗೆ ಬಂದ್ಲು. ಬೋರ ಗಡಿಗೆ ಮುಂದೆ ಚಕ್ಕಂಬಕ್ಕಲ ಹಾಕಿ ಮುದ್ದೆ ಮುರೀತಾ ಇದ್ದ. ಪಕ್ಕದಾಗೆ ಅವ್ವನಿಗೂ ಒಂದು ತಟ್ಟೆ ಇಟ್ಟಿದ್ದ.

ಅಷ್ಟರಾಗೆ ಹೊರಗಿಂದ ಕೇಳಿಸ್ತು. ಗುಡ್ಡದ ಮೇಲಿಂದ ಸುಬೇದಾರ್ರು, "ಬೋರಯ್ಯಾ..." ಬುಡದಿಂದ ತಿಪ್ಪೇಸ್ವಾಮಿ, "ಬೋರಯ್ಯಾ..." ಊರೋರೂ ಸೇರ್ಕೊಂಡ್ರು. ಹೆಂಗಸರು ಬಾಗಿಲಿಗೆ ಬಂದು "ಬೋರಯ್ಯಾ..." ಕಟ್ಟೆ ಮೇಲಿಂದ ಕಾಟಜ್ಜ, ಹಲ್ಲಿಲ್ಲದ ಬಾಯಾಗೆ, "ಬೋರಯ್ಯಾ..." ಗುಡ್ಡ ಒಂದಕ್ಕೆ ಎರಡು ಮಾಡಿ ವಾಪಸ್ ಕೊಡ್ತು. ಒಬ್ಬನ ಬಾಯಾಗೂ ಪೆದ್ದ ಅಂತ ಬರಲಿಲ್ಲ.

ದುರುಗಮ್ಮ ಹೊಸಿಲ ಮೇಲೆ ಕೂತ್ಲು. ಇಲ್ಲೇ ಅವ್ನೆ ಅಂತ ಒಂದು ಮಾತು ಕೂಗಿದ್ರೆ ಮುಗೀತಿತ್ತು. ಬಾಯಿ ತೆಗೆದ್ಲು. ತೆಗೆದ ಬಾಯಿ ಮುಚ್ಚಿದ್ಲು. ಕೂಗ್ಲಿ, ಇನ್ನೊಂದೀಟು ಕೂಗ್ಲಿ. ಮಗನಿಗೆ ಸಾರು ಬಡಿಸಿ ಆಮೇಲೆ ಹೇಳಿ ಕಳಿಸಿದ್ರಾಯ್ತು.

ಬೋರ ತುತ್ತು ಕೈಯಾಗೆ ಹಿಡಿದು, ಬಾಗಿಲ ಕಡೆ ಕಣ್ಣಗಲಿಸಿ, ಪಿಸುಮಾತಿನಾಗೆ ಹೇಳಿದ.

"ಅವ್ವಾ, ಗಾಳಿ ಊರೊಳಕ್ಕೇ ಬಂದೈತೆ. ಬಾಗಿಲು ಹಾಕ್ಲಾ?"

"ಬ್ಯಾಡ ಕಣಪ್ಪ" ಅಂದ್ಲು ದುರುಗಮ್ಮ. "ತೆಗೆದೇ ಇರ್ಲಿ. ನೀನು ಉಣ್ಣು."